ಸುಮಿತ್ರಮ್ಮ ಮಡಿಕೇರಿಯಲ್ಲಿ ನೋಡಿಕೊಂಡು ಬಂದದ್ದು

ನಮ್ಮತ್ತೆ ಸುಮಿತ್ರಮ್ಮ ಕೊಡ್ಲಿಪೇಟೆ ಸಂತೆಗೆ ಬಂದರೆಂದರೆ ವ್ಯಾಪಾರಿಗಳು ಒಳಗೊಳಗೇ ಶಿವ ಶಿವ ಅನ್ನುತ್ತಿದ್ದರು. ಹಲಸಿನ ಹಣ್ಣನ್ನು ಕೊಯ್ಯಿಸಿ ತೊಳೆ ನೋಡದೆ ಕೊಂಡವರಲ್ಲ ಅವರು. ಮಡಕೆಯಾದರೆ ಬೆರಳಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, ಒಳಗೆ ಕೈಹಾಕಿ ಸವರಿ, ಅಷ್ಟೆಲ್ಲ ಆದಮೇಲೆ ಇನ್ನೊಂದು ತೋರಿಸು ಅನ್ನುವವರು. ಮಾರುವಾಗಲೂ ಇದೇ ಕಥೆ. ನಮ್ಮ ಏಲಕ್ಕಿ ಮೂಟೆಯನ್ನು ತಾವೇ ಬಿಚ್ಚಿ, ಅಡಿಯಿಂದ ಒಂದು ಹಿಡಿ ತೆಗೆದು ವ್ಯಾಪಾರಿಯ ಮುಂದೆ ಸುರಿದು, ಮೇಲಿನದ್ದು ಬೇಡ, ಇದನ್ನು ನೋಡಿ ಬೆಲೆ ಹೇಳು ಅನ್ನುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ನಂಬುತ್ತಿರಲಿಲ್ಲ, ಕಾಣದ್ದನ್ನು ಹೇಳುತ್ತಲೂ ಇರಲಿಲ್ಲ. ಊರಿನಲ್ಲಿ ಬೇಲಿ ಜಗಳ, ಹಸು ಜಗಳ ಏನೇ ಬಂದರೂ ಸುಮಿತ್ರಮ್ಮ ಏನಂತಾರೆ ಎಂದು ಕೇಳಿ, ಅವರು ಹೇಳಿದ ಮೇಲೆ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು.

ಈಗ ಅದೇ ಸಂತೆಯಲ್ಲಿ ಎಲ್ಲವೂ ಪ್ಲಾಸ್ಟಿಕ್ ಕವರಿನೊಳಗೆ ಕೂತು ಬರುತ್ತದೆ. ತಟ್ಟಿ ನೋಡುವಂಥದ್ದು ಏನೂ ಉಳಿದಿಲ್ಲ. ನಮ್ಮತ್ತೆ ಇದ್ದಿದ್ದರೆ ಕವರು ಹರಿದು ನೋಡಿ ಜಗಳ ತೆಗೆಯುತ್ತಿದ್ದರು, ನಾನು ಸೆರಗು ಬಾಯಿಗೆ ಹಿಡಿದುಕೊಂಡು ಹಿಂದೆ ನಿಂತಿರುತ್ತಿದ್ದೆ ಅನ್ನಿಸಿ ನಗು ಬರುತ್ತದೆ. ನಗುವಿನ ಹಿಂದೆಯೇ ಕಣ್ಣು ತುಂಬುತ್ತದೆ. ಇದು ನನಗೆ ವಯಸ್ಸಾದದ್ದರ ಗುರುತೋ ಏನೋ ಗೊತ್ತಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಕೊಡಗು ಇನ್ನೂ ತನ್ನ ಪಾಡಿಗೆ ತಾನಿದ್ದ ಪುಟ್ಟ ರಾಜ್ಯ. ಮಾರನೆಯ ವರ್ಷ ಅದು ಮೈಸೂರಿಗೆ ಸೇರಿತು. ನಮ್ಮತ್ತೆಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಮೊದಲೆಲ್ಲ ಏನು ಕೆಲಸವಿದ್ದರೂ ಮಡಿಕೇರಿಯಲ್ಲಿ ಮುಗಿಯುತ್ತಿತ್ತು, ಈಗ ಒಂದು ಸೇತುವೆಗೂ ಬೆಂಗಳೂರಿನ ಮುಖ ನೋಡಬೇಕು ಎಂದು, ಆ ಸೇತುವೆಯನ್ನು ತಾವೇ ಕಟ್ಟಿಸುವವರ ಹಾಗೆ ಬೈಯುತ್ತಿದ್ದರು. ಮೈಸೂರು ರಾಜ್ಯ ಆದಮೇಲೆ ಹುಟ್ಟಿದ ಊರಿನ ಮಕ್ಕಳು ಸ್ಲೇಟು ಹಿಡಿದು ಶಾಲೆಗೆ ಹೋಗುವ ಕಾಲ ಬಂತು. ನಮ್ಮ ಮನೆಯ ತೊಟ್ಟಿಲು ಮಾತ್ರ ಅಟ್ಟದಿಂದ ಇಳಿಯಲಿಲ್ಲ.

ನಮ್ಮ ಯಜಮಾನರು ಚನ್ನಮಲ್ಲಪ್ಪ. ಗಂಡನ ಹೆಸರು ಬರೆದೆನೆಂದು ಬೈಯುವವರು ಈಗ ಯಾರೂ ಉಳಿದಿಲ್ಲ, ಅದಕ್ಕೇ ಬರೆದಿದ್ದೇನೆ. ಅವರು ಮಾತು ಕಮ್ಮಿಯ ಮನುಷ್ಯ. ಗದ್ದೆ, ಕಿತ್ತಳೆ ತೋಟ, ಒಂದಿಷ್ಟು ಏಲಕ್ಕಿ, ಇವುಗಳ ಜೊತೆ ಆಡಿದಷ್ಟು ಮಾತನ್ನು ಮನುಷ್ಯರ ಜೊತೆ ಆಡಿದವರಲ್ಲ. ಮಾವ ಕರಿಬಸಪ್ಪನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನ ತಂಗಿ ಶಕುಂತಲಮ್ಮನವರು ಶನಿವಾರಸಂತೆಯಲ್ಲಿದ್ದರು. ತವರಿನಲ್ಲಿ ಏನು ನಡೆಯಬೇಕಾದರೂ ಅವರ ಮಾತು ಬೇಕು. ಅವರಿಗೊಬ್ಬಳು ಮಗಳಿದ್ದಳು, ಲಕ್ಷಣವಾದ ಹುಡುಗಿ. ಸೋದರತ್ತೆಯ ಮಗಳೆಂದ ಮೇಲೆ ಕೇಳಬೇಕೇ, ಅವಳನ್ನೇ ಈ ಮನೆಗೆ ತರಬೇಕಿತ್ತು, ಆಗ ಚಿಕ್ಕವಳೆಂದು ತಪ್ಪಿತು ಎಂದು ನನ್ನೆದುರಿಗೇ ಹೇಳುತ್ತಿದ್ದರು. ಈಗ ಅವಳು ದೊಡ್ಡವಳಾಗಿದ್ದಳು. ಒಂದು ಹೆಂಡತಿ ಇರುವಾಗ ಇನ್ನೊಂದು ಮದುವೆ ಆಗಬಾರದೆಂದು ಸರ್ಕಾರ ಕಾನೂನು ಮಾಡಿದೆ ಅನ್ನುವುದು ಕೇಳಿದ್ದೆವು. ಆ ಕಾನೂನು ನಮ್ಮ ಕಡೆಗೆ ಇನ್ನೂ ಬಂದು ತಲುಪಿರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಶಕುಂತಲಮ್ಮನವರು ಬಂದು ಜಗಲಿಯಲ್ಲಿ ಕೂತು, ಯುಗಾದಿಯೊಳಗೆ ಒಂದು ಮಾತು ಹೇಳಿ ಎಂದರು. ಹುಡುಗಿಯನ್ನು ಇನ್ನು ಕಾಯಿಸುವುದಕ್ಕೆ ಆಗುವುದಿಲ್ಲವಂತೆ. ಮಂಗಳ ಇಲ್ಲೇ ಇರಲಿ, ಯಾರೂ ಆಚೆ ಹಾಕುವುದಿಲ್ಲ, ಅಕ್ಕತಂಗಿಯರ ಹಾಗೆ ಇರುತ್ತಾರೆ ಎಂದರು. ಮಂಗಳ ಅಂದರೆ ನಾನು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಕ್ಕತಂಗಿಯರ ಹಾಗೆ ಬದುಕಿದ ಸವತಿಯರನ್ನು ನಾನು ನೋಡಿರಲಿಲ್ಲ. 

ಅತ್ತೆ ಅಡಿಕೆ ಕತ್ತರಿಸುತ್ತ ಒಂದು ಪ್ರಶ್ನೆ ಕೇಳಿದರು.

"ಮಂಗಳಂದೇ ಊನ ಅಂತ ಯಾರು ನೋಡವ್ರೆ, ಶಕುಂತ್ಲಾ?"

ಶಕುಂತಲಮ್ಮನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದೇನು ನೋಡುವಂಥದ್ದೇ, ಇಷ್ಟು ವರ್ಷ ಆಗಿಲ್ಲ ಅಂದಮೇಲೆ ಇನ್ನೇನು ಎಂದರು. ನೋಡದೆ ಹೇಳಬಾರದು ಎಂದಷ್ಟೇ ಹೇಳಿ ಅತ್ತೆ ಎಲೆಗೆ ಸುಣ್ಣ ಹಚ್ಚಿದರು. ನೋಡುವುದು ಹೇಗೆಂದು ಅವರಿಗೂ ಆಗ ಗೊತ್ತಿರಲಿಲ್ಲ.

ಅದನ್ನು ಹೇಳಿಕೊಟ್ಟವರು ಬೊಳ್ಳಮ್ಮ. ಸರ್ಕಾರಿ ಆಸ್ಪತ್ರೆಯ ಮಿಡ್‌ವೈಫು, ಬಾಳೆಲೆ ಕಡೆಯ ಕೊಡವರ ಹೆಂಗಸು. ಕೊಡವರ ರೀತಿಯಲ್ಲೇ ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ಕೈಯಲ್ಲಿ ಕೊಡೆ ಹಿಡಿದು ಊರೂರು ನಡೆಯುತ್ತಿದ್ದರು. ಮಕ್ಕಳು ಕಮ್ಮಿ ಇರಲಿ ಎಂದು ಹೇಳುವುದಕ್ಕೆ ಸರ್ಕಾರ ಆಗ ಅವರನ್ನು ಮನೆಮನೆಗೆ ಓಡಿಸುತ್ತಿತ್ತು. ಯಾರೂ ಅವರನ್ನು ಕೂರಿಸಿ ಮಾತಾಡಿಸುತ್ತಿರಲಿಲ್ಲ. ದೂರದಿಂದ ಕೊಡೆ ಕಂಡರೆ ಹೆಂಗಸರು ಹಿತ್ತಿಲಿಗೆ ಓಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅತ್ತೆ ಅವರನ್ನು ಕೈಹಿಡಿದು ಎಳೆದು ಕೂರಿಸಿ, ಕಾಫಿ ಕೊಟ್ಟು, ಅವರ ಭಾಷಣ ಪೂರ್ತಿ ಕೇಳಿದರು. ಕೇಳಿಯಾದ ಮೇಲೆ ತಮ್ಮ ಲೆಕ್ಕ ತೆಗೆದರು.

"ಜಾಸ್ತಿ ಇರೋರಿಗೆ ಸಾಕು ಅಂತ ಹೇಳಕ್ಕೆ ಸರ್ಕಾರ ನಿಮ್ಮನ್ನ ಕಳಿಸೈತೆ. ಇಲ್ದೆ ಇರೋರಿಗೆ ಏನಂತ ಹೇಳ್ಕಳ್ಸೈತೆ?"

ಬೊಳ್ಳಮ್ಮನಿಗೆ ನಗು ತಡೆಯಲಿಲ್ಲ, ಕಾಫಿ ಸೀರೆಯ ಮೇಲೆ ಚೆಲ್ಲಿತು. ಅದನ್ನು ಒರೆಸಿಕೊಂಡು ನನ್ನ ಕಡೆ ನೋಡಿ ಗಂಭೀರವಾದರು. ಮೈಸೂರಿನಿಂದ ಒಬ್ಬ ಡಾಕ್ಟರಮ್ಮ ತಿಂಗಳಿಗೊಂದು ಸಲ ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಬರುತ್ತಾರೆಂದು, ಮಕ್ಕಳಾಗದವರಿಗೆ ಎಚ್ಚರ ತಪ್ಪಿಸುವ ಮದ್ದು ಕೊಟ್ಟು, ಹೊಕ್ಕುಳ ಕೆಳಗೆ ಸ್ವಲ್ಪ ತೆರೆದು, ಗರ್ಭಕೋಶ ಹೇಗಿದೆ, ಅದರ ಎರಡು ಪಕ್ಕದ ನಾಳಗಳು ಹೇಗಿವೆ ಎಂದು ಕಣ್ಣಿನಿಂದಲೇ ನೋಡಿ ಹೊಲಿಯುತ್ತಾರೆಂದು ಹೇಳಿದರು. ಆಗ ಈಗಿನಂತೆ ಹೊರಗಿನಿಂದಲೇ ಒಳಗನ್ನು ತೋರಿಸುವ ಯಂತ್ರಗಳಿರಲಿಲ್ಲ.

ತೆರೆದು ನೋಡುತ್ತಾರೆ ಅನ್ನುವ ಮಾತು ಕೇಳಿದ್ದೇ ಅತ್ತೆಯ ಮುಖ ಅರಳಿತು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ನನಗೆ ಕತ್ತಿಯ ಭಯವಿರಲಿಲ್ಲ. ಯಾರೂ ನೋಡದೆ ಇರುವವರೆಗೆ ನಾನು ಬಂಜೆ ಅನ್ನುವುದು ಬರೀ ಜನರ ಬಾಯಿಮಾತು. ನೋಡಿದ ಮೇಲೆ ಅದು ನಿಜವಾಗಿಬಿಡುತ್ತದೆ. ಅತ್ತೆಗೆ ಬೇಕಾಗಿರುವುದೂ ಅದೇ, ಶಕುಂತಲಮ್ಮನ ಮಗಳನ್ನು ತರುವ ಮೊದಲು ನಾಲ್ಕು ಜನರಿಗೆ ತೋರಿಸಲು ಒಂದು ಸಾಕ್ಷಿ ಎಂದು ನನಗೆ ಖಾತ್ರಿಯಾಯಿತು.

ಬೊಳ್ಳಮ್ಮ ಸುಮ್ಮನೆ ಹೇಳಿ ಹೋಗುವ ಹೆಂಗಸಲ್ಲ. ಕೊಡ್ಲಿಪೇಟೆಯ ಡಾಕ್ಟರರಿಂದ ಚೀಟಿ ಬರೆಸಿಕೊಟ್ಟರು, ಮಡಿಕೇರಿಗೆ ಹೇಳಿ ಕಳಿಸಿದರು. ಅಲ್ಲಿಂದ ಬಂದ ಉತ್ತರ ಮಾತ್ರ ಎಲ್ಲರ ಬಾಯಿ ಕಟ್ಟಿಸಿತು. ಮೊದಲು ಗಂಡನನ್ನು ಪರೀಕ್ಷೆ ಮಾಡಬೇಕಂತೆ, ಅವರದ್ದು ಸರಿಯಿದ್ದರೆ ಮಾತ್ರ ಹೆಂಡತಿಗೆ ಆಪರೇಶನ್ನು. ನಮ್ಮ ಕಡೆ ಗಂಡಸಿನಲ್ಲೂ ಊನ ಇರಬಹುದು ಅನ್ನುವ ಯೋಚನೆಯನ್ನು ಕನಸಿನಲ್ಲೂ ಯಾರೂ ಮಾಡಿದವರಲ್ಲ. ಮಗನಿಗೆ ಅತ್ತೆ ಇದನ್ನು ಹೇಗೆ ಹೇಳಿದರೋ ನನಗೆ ಗೊತ್ತಿಲ್ಲ, ಹಿತ್ತಿಲಿನಲ್ಲಿ ಸೌದೆ ಒಡೆಯುತ್ತಿದ್ದವರ ಹತ್ತಿರ ಹೋಗಿ ಏನೋ ಹೇಳಿ ಬಂದರು. ಕೊಡಲಿಯ ಸದ್ದು ನಿಂತು ಬಹಳ ಹೊತ್ತು ಶುರುವಾಗಲಿಲ್ಲ. ಆ ವಾರ ಕಿತ್ತಳೆ ಮಾರುವ ನೆಪದಲ್ಲಿ ಬುಟ್ಟಿ ಕಟ್ಟಿಕೊಂಡು ಯಜಮಾನರು ಮಡಿಕೇರಿಗೆ ಹೋದರು, ಬಂದರು. ಅವರದ್ದು ಎಲ್ಲ ಸರಿಯಾಗಿದೆ ಎಂದು ಬೊಳ್ಳಮ್ಮ ಬಂದು ಅತ್ತೆಯ ಕಿವಿಯಲ್ಲಿ ಹೇಳಿದರು. ನಾವು ನಾಲ್ಕು ಜನ ಬಿಟ್ಟರೆ ಊರಿನಲ್ಲಿ ಇನ್ಯಾರಿಗೂ ಅದು ತಿಳಿಯಲಿಲ್ಲ. ನನಗೆ ಸಂತೋಷ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ತಕ್ಕಡಿಯಲ್ಲಿ ಈಗ ನಾನೊಬ್ಬಳೇ ಉಳಿದೆ.

ನಾನೂ ಅತ್ತೆಯೂ ಮಡಿಕೇರಿಗೆ ಹೊರಟೆವು. ಆ ಪ್ರಯಾಣವನ್ನು ನೆನೆಸಿಕೊಂಡರೆ ಈಗಲೂ ಮೂಗಿಗೆ ಪೆಟ್ರೋಲಿನ ಮತ್ತು ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತದೆ. ಶನಿವಾರಸಂತೆ, ಸೋಮವಾರಪೇಟೆ, ಮಾದಾಪುರ ದಾಟುವಾಗ ರಸ್ತೆಯ ಎರಡೂ ಕಡೆ ಕಾಫಿ ಗಿಡಗಳ ನಡುವೆ ಕಿತ್ತಳೆ ಮರಗಳು ತೂಗಿ ನಿಂತಿರುತ್ತಿದ್ದವು. ಬಸ್ಸಿನಲ್ಲಿ ಕೂತವರೆಲ್ಲ ಕಿತ್ತಳೆ ಸುಲಿಯುವವರೇ. ಆಮೇಲೆ ಆ ಮರಗಳಿಗೆ ರೋಗ ಬಂತು, ಒಂದೊಂದಾಗಿ ಒಣಗಿದವು. ಆ ಸಿಹಿ ಮತ್ತೆ ನನಗೆ ಸಿಕ್ಕಿಲ್ಲ. ಅತ್ತೆಯ ಮಡಿಲಲ್ಲೂ ಒಂದು ಗಂಟು ಹಣ್ಣಿತ್ತು, ಆಸ್ಪತ್ರೆಯ ಸಿಸ್ಟರುಗಳಿಗೆ ಕೊಡುವುದಕ್ಕೆ. ಎಲ್ಲವನ್ನೂ ಒತ್ತಿ ನೋಡಿ ಆರಿಸಿದ್ದರು.

ವಾರ್ಡಿನ ಸಿಸ್ಟರ್ ಮಲಯಾಳಿ. ನಾಳೆ ಬೆಳಿಗ್ಗೆ ಆಪರೇಶನ್ನು, ಊಟ ತಿಂಡಿ ಬೇಡ, ಕಾಪಿ ಬೇಡ, ವೆಳ್ಳಂ ಕೂಡ ಬೇಡ ಎಂದು ಹೇಳಿ, ವೆಳ್ಳಂ ಅಂದರೆ ನೀರು ಎಂದು ಲೋಟ ತೋರಿಸಿ ಬಿಡಿಸಿ ಹೇಳಿದಳು. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಉಪವಾಸ ಮಾಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಿಂಗಪೂಜೆ ಆಗದೆ ಬಾಯಿಗೆ ಒಂದು ಹನಿ ನೀರು ಹಾಕಿದ ಮನೆಯಲ್ಲ ನಮ್ಮದು.

ಬೆಳಿಗ್ಗೆ ಎದ್ದು, ಆಸ್ಪತ್ರೆಯ ನಲ್ಲಿಯ ಕೊರೆಯುವ ನೀರಿನಲ್ಲಿ ಮಿಂದು, ವಿಭೂತಿ ಹಚ್ಚಿ, ಕತ್ತಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತೆ. ದೊಡ್ಡ ದಿನ, ಬರೀ ನೀರು ಸಾಲದೆಂದು ಅತ್ತೆ ಹೋಟೆಲಿನಿಂದ ಹಾಲು ತಂದಿದ್ದರು. ಹಾಲಿನಲ್ಲಿ ಲಿಂಗಕ್ಕೆ ಅಭಿಷೇಕವಾಯಿತು. ಆ ತೀರ್ಥವನ್ನು ಕಣ್ಣಿಗೊತ್ತಿಕೊಂಡು ಕುಡಿದೆ. ಅತ್ತೆ ಇನ್ನೊಂದಿಷ್ಟು ಹಾಕಿದರು, ಅದನ್ನೂ ಕುಡಿದೆ. ಬಾಳೆಹಣ್ಣು ಸಕ್ಕರೆ ನೈವೇದ್ಯವಾಗಿತ್ತು, ಆ ಪ್ರಸಾದವನ್ನೂ ಬಾಯಿಗೆ ಹಾಕಿಕೊಂಡೆ. ಸಿಸ್ಟರ್ ಬಂದು ಏನಾದರೂ ತಿಂದಿರಾ, ಕುಡಿದಿರಾ ಎಂದು ಕೇಳಿದಾಗ ಇಬ್ಬರೂ ಒಂದೇ ದನಿಯಲ್ಲಿ ಇಲ್ಲ ಎಂದೆವು. ಅದರಲ್ಲಿ ಕಳ್ಳತನ ಎಳ್ಳಷ್ಟೂ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ನಾವು ಏನೂ ತಿಂದಿರಲಿಲ್ಲ, ಏನೂ ಕುಡಿದಿರಲಿಲ್ಲ.

ಡಾಕ್ಟರಮ್ಮ ಬಂದು ನನ್ನ ನಾಡಿ ಹಿಡಿದರು. ಹಣೆಯ ವಿಭೂತಿಯನ್ನು ನೋಡಿ, ಪೂಜೆ ಆಯ್ತೇನಮ್ಮ ಎಂದು ಪ್ರೀತಿಯಿಂದಲೇ ಕೇಳಿದರು. ಅತ್ತೆಗೆ ಖುಷಿಯಾಯಿತು. ಆಯ್ತು, ಹಾಲಿನ ಅಭಿಷೇಕ ಮಾಡಿಸಿ, ತೀರ್ಥ ಪ್ರಸಾದ ಕೊಟ್ಟೇ ಕರೆದುಕೊಂಡು ಬಂದಿದ್ದೇನೆ ಎಂದರು. ಡಾಕ್ಟರಮ್ಮ ನನ್ನ ಕೈ ಬಿಟ್ಟರು. ಎಷ್ಟು ತೀರ್ಥ ಎಂದು ಕೇಳಿದರು. ಅತ್ತೆ ಬೊಗಸೆ ಹಿಡಿದು ತೋರಿಸಿದರು.

ಇವತ್ತು ಆಗುವುದಿಲ್ಲ ಎಂದುಬಿಟ್ಟರು. ಎಚ್ಚರ ತಪ್ಪಿರುವಾಗ ವಾಂತಿಯಾಗಿ ಅದು ಉಸಿರಿನ ದಾರಿಗೆ ಇಳಿದರೆ ಜೀವವೇ ಹೋಗುತ್ತದಂತೆ. ಅತ್ತೆ ಸೋಲಲು ತಯಾರಿರಲಿಲ್ಲ, ಅದು ತೀರ್ಥ ಕಣಮ್ಮ, ನೀರಲ್ಲ ಎಂದರು. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ.

"ನಿಮಗೆ ತೀರ್ಥ. ಇವಳ ಶ್ವಾಸಕೋಶಕ್ಕೆ ಅದು ಹಾಲೇ ಅಮ್ಮ. ಮುಂದಿನ ತಿಂಗಳು ಬನ್ನಿ."

ಬಂದ ದಾರಿಯಲ್ಲೇ ವಾಪಸು ಬಂದೆವು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರು ಅಷ್ಟು ಸಪ್ಪಗಾದದ್ದನ್ನು ನಾನು ಮೊದಲ ಸಲ ನೋಡಿದ್ದು. ನನಗೋ, ಒಂದು ತಿಂಗಳು ಉಳಿಯಿತಲ್ಲ ಎಂದು ಹಗುರವಾಗಿತ್ತು. ಶಕುಂತಲಮ್ಮನವರು ಸುದ್ದಿ ಕೇಳಿ ಮಾರನೆಯ ದಿನವೇ ಬಂದರು. ತೀರ್ಥದ ಕೈಲೇ ದೇವರು ತಡೆಸಿದ್ದಾನೆ, ಇದಕ್ಕಿಂತ ಸೂಚನೆ ಬೇಕೇ, ಇನ್ನು ಆ ಹುಡುಗಿಯ ಹೊಟ್ಟೆ ಕೊಯ್ಸಬೇಡಿ, ಮದುವೆಯ ಮಾತು ಮುಗಿಸಿ ಎಂದರು. ಮಾತಿನಲ್ಲಿ ನನ್ನ ಮೇಲಿನ ಕನಿಕರವೂ ಇತ್ತು, ಅದೇ ಸಹಿಸಲಾಗದ್ದು. ಅತ್ತೆ ಮುಂದಿನ ತಿಂಗಳ ಡಾಕ್ಟರಮ್ಮನವರೆಗೆ ಸಮಯ ಕೇಳಿದರು. ಅದು ಯುಗಾದಿಗೆ ಸ್ವಲ್ಪ ಮೊದಲು ಬರುತ್ತಿತ್ತು. ಆಗಲಿ, ಅಲ್ಲಿಗೆ ಕೊನೆ ಎಂದು ಶಕುಂತಲಮ್ಮನವರು ಒಪ್ಪಿದರು.

ಆ ತಿಂಗಳಿಡೀ ಅತ್ತೆಗೆ ಒಂದೇ ಯೋಚನೆ. ಲಿಂಗವನ್ನು ಮೈಮೇಲಿಂದ ತೆಗೆಯುವಂತಿಲ್ಲ, ಆಪರೇಶನ್ನಿಗೆ ಕತ್ತಿನಲ್ಲಿ ಏನೂ ಇರುವಂತಿಲ್ಲ. ಪೂಜೆ ಬಿಡುವಂತಿಲ್ಲ, ತೀರ್ಥ ಕುಡಿಯುವಂತಿಲ್ಲ. ಮಠಕ್ಕೆ ಹೋಗಿ ಅಯ್ಯನವರ ಮುಂದೆ ಕೂತರು. ಅಯ್ಯನವರು ವಯಸ್ಸಾದವರು, ಯೋಚನೆ ಮಾಡಿ ಹೇಳಿದರಂತೆ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ, ಅದು ಮೈಮೇಲಿದ್ದ ಹಾಗೇ ಆಯಿತು. ತೀರ್ಥವನ್ನು ಡಾಕ್ಟರು ಕುಡಿ ಅಂದಮೇಲೆ ಕುಡಿಯಲಿ, ಶಿವನಿಗೆ ಅವಸರವಿಲ್ಲ. ಅತ್ತೆ ಮಠದ ಮೆಟ್ಟಿಲು ಇಳಿಯುತ್ತಲೇ ಇನ್ನೊಂದು ತೀರ್ಮಾನ ಮಾಡಿಕೊಂಡಿದ್ದರು. ಅದನ್ನು ನನಗೆ ಹೇಳಲಿಲ್ಲ.

ಎರಡನೆಯ ಸಲ ಎಲ್ಲವೂ ನಡೆಯಿತು. ಸಿಸ್ಟರೇ ನನ್ನ ಲಿಂಗವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ಕಟ್ಟಿದಳು. ಮೂಗಿನ ಮೇಲೆ ಬಟ್ಟೆ ಇಟ್ಟರು, ಸಿಹಿಯಾದ, ಹೊಟ್ಟೆ ತೊಳಸುವ ವಾಸನೆ, ಆಮೇಲೆ ಏನೂ ಇಲ್ಲ. ಎಚ್ಚರವಾದಾಗ ಹೊಟ್ಟೆಯೊಳಗೆ ಕೆಂಡ ಇಟ್ಟಂತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನೀರು ಕೊಡುವಂತಿಲ್ಲ, ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತೇನೆ ಎಂದಳು ಸಿಸ್ಟರ್. ಹತ್ತಿ ಅದ್ದಿ ಕೊಟ್ಟ ಕೈ ಅತ್ತೆಯದ್ದು. ಆ ದಿನ, ಮಾರನೆಯ ದಿನವೂ ಹಾಗೇ ಕಳೆಯಿತು.

ಮಾರನೆಯ ಸಂಜೆ ಪಕ್ಕದಲ್ಲಿ ಧಡ್ ಎಂದು ಸದ್ದಾಯಿತು. ಅತ್ತೆ ಸ್ಟೂಲಿನಿಂದ ಉರುಳಿ ನೆಲದ ಮೇಲಿದ್ದರು. ಓಡಿ ಬಂದ ಸಿಸ್ಟರ್ ಅವರನ್ನು ಎತ್ತಿ ಖಾಲಿ ಮಂಚದ ಮೇಲೆ ಮಲಗಿಸಿ, ಏನು ತಿಂದಿದ್ದೀರಿ ಎಂದು ಕೇಳಿದಾಗ ವಿಷಯ ಹೊರಗೆ ಬಂತು. ಸೊಸೆ ತೀರ್ಥ ತೆಗೆದುಕೊಳ್ಳುವವರೆಗೆ ತಾವೂ ತೆಗೆದುಕೊಳ್ಳುವುದಿಲ್ಲ ಎಂದು ಮಠದ ಮೆಟ್ಟಿಲಿನಲ್ಲೇ ಹೇಳಿಕೊಂಡಿದ್ದರಂತೆ. ತೀರ್ಥ ಇಲ್ಲದ ಮೇಲೆ ಊಟ ಎಲ್ಲಿಂದ ಬಂತು. ಎಂದಾ, ಏನಿದು, ಓಪರೇಶನ್ ಮಗಳಿಗಾ ಅಮ್ಮನಿಗಾ ಎಂದು ಸಿಸ್ಟರ್ ತಲೆ ಚಚ್ಚಿಕೊಂಡಳು. ನಾನು ನಗಲು ಹೋಗಿ ಹೊಲಿಗೆ ಎಳೆದು ಅತ್ತುಬಿಟ್ಟೆ. ಆ ಹೆಂಗಸನ್ನು ಸಾಕ್ಷಿ ಹುಡುಕಲು ಬಂದವಳೆಂದು ಅಂದುಕೊಂಡಿದ್ದೆನಲ್ಲ ಎಂದು ಇನ್ನಷ್ಟು ಅಳು ಬಂತು. ನನಗೆ ನೀರು ಕುಡಿಯಲು ಬಿಟ್ಟ ಬೆಳಿಗ್ಗೆ ನಾವಿಬ್ಬರೂ ಮಂಚದ ಮೇಲೆ ಎದುರುಬದುರು ಕೂತು ಪೂಜೆ ಮಾಡಿದೆವು. ಆ ತೀರ್ಥದಷ್ಟು ರುಚಿಯಾದ ನೀರನ್ನು ನಾನು ಮತ್ತೆ ಕುಡಿದಿಲ್ಲ.

ಅದೇ ದಿನ ಡಾಕ್ಟರಮ್ಮ ಬಂದು ಸ್ಟೂಲು ಎಳೆದುಕೊಂಡು ಕೂತರು. ಮೈಸೂರಿಗೆ ಹೊರಡುವುದನ್ನು ನಮಗಾಗಿ ತಡ ಮಾಡಿದ್ದರು. ಚಿಕ್ಕಂದಿನಲ್ಲಿ ನಿನಗೆ ಬಹಳ ದಿನ ಜ್ವರ, ಹೊಟ್ಟೆನೋವು ಬಂದಿತ್ತೇ ಎಂದು ಕೇಳಿದರು. ಬಂದಿತ್ತು, ಬದುಕುವುದಿಲ್ಲ ಎಂದು ತವರಿನಲ್ಲಿ ಕೈ ಬಿಟ್ಟಿದ್ದರಂತೆ. ಆ ರೋಗ ಹೋಗುವಾಗ ಎರಡೂ ಕಡೆಯ ನಾಳಗಳನ್ನು ಮುಚ್ಚಿಸಿ ಅಂಟಿಸಿ ಹೋಗಿದೆ, ಬಿಡಿಸಲು ಆಗುವುದಿಲ್ಲ, ನಿನಗೆ ಮಕ್ಕಳಾಗುವುದಿಲ್ಲ ಎಂದರು. ಮೆಲ್ಲಗೆ, ಕೈ ಹಿಡಿದುಕೊಂಡೇ ಹೇಳಿದರು.

ಅತ್ತೆ ಒಂದೇ ಮಾತು ಕೇಳಿದರು.

"ನೀವೇ ಕಣ್ಣಾರೆ ನೋಡಿದ್ರಾ?"

ನೋಡಿದೆ ಎಂದರು ಡಾಕ್ಟರಮ್ಮ. ಅತ್ತೆ ಕೈ ಮುಗಿದರು.

ಅವರು ಹೋದಮೇಲೆ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಮೊಮ್ಮಗುವಿಗಾಗಿ ಈ ಹೆಂಗಸು ಏನೇನು ಮಾಡಿದರು, ಅದಕ್ಕೆ ನಾನು ಕೊಟ್ಟದ್ದು ಇದು ಎಂದು ಎದೆ ಒಡೆಯುತ್ತಿತ್ತು. ಶಕುಂತಲಮ್ಮನವರ ಮಗಳನ್ನು ತಂದುಕೊಳ್ಳಿ ಅತ್ತೆ, ನಾನು ಬೇಡ ಅನ್ನುವುದಿಲ್ಲ, ಮೂಲೆಯಲ್ಲಿ ಇರುತ್ತೇನೆ ಎಂದೆ. ಅತ್ತೆ ಕಿತ್ತಳೆ ಸುಲಿಯುತ್ತಿದ್ದರು.

"ಬಾಯ್ ಮುಚ್ಕಂಡು ಹಣ್ ತಿನ್ನು."

ಅಷ್ಟೇ. ಹೊಲಿಗೆ ಬಿಚ್ಚಿ ಊರಿಗೆ ಹೊರಡುವವರೆಗೂ ಆ ವಿಷಯ ಅವರು ಎತ್ತಲಿಲ್ಲ. ಬಸ್ಸಿನಲ್ಲೂ ಇಲ್ಲ. ಕೊಡ್ಲಿಪೇಟೆಯಲ್ಲಿ ಯಜಮಾನರು ಗಾಡಿಗೆ ಹುಲ್ಲು ಹಾಸಿ ಜಮಖಾನ ಹಾಕಿಕೊಂಡು ಕಾಯುತ್ತಿದ್ದರು. ನನ್ನನ್ನು ಎತ್ತಿ ಕೂರಿಸಿ, ಮುಖ ನೋಡಿದರು. ಗಾಡಿ ಹೊಡೆಯುವ ಜಯಪ್ಪ ಎದುರಿಗೇ ಇದ್ದ. ಹಾಗಾಗಿ ಅವರು ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮನೆಯಲ್ಲಿ ಜನ ಸೇರಿದ್ದರು. ಆಪರೇಶನ್ ಮಾಡಿಸಿಕೊಂಡು ಬಂದವರನ್ನು ನೋಡುವುದು ಆಗ ಒಂದು ಹಬ್ಬದ ಹಾಗೆ. ಶಕುಂತಲಮ್ಮನವರು ಹಣ್ಣು ಸಕ್ಕರೆ ಹಿಡಿದು ಮಧ್ಯದಲ್ಲಿ ಕೂತಿದ್ದರು. ನನ್ನನ್ನು ಜಗಲಿಯಲ್ಲಿ ಮಲಗಿಸಿದರು. ಅತ್ತೆ ಕೈಕಾಲು ತೊಳೆದು ಬಂದು ಕಂಬಕ್ಕೆ ಒರಗಿ ಕೂತರು. ಯಜಮಾನರು ಎತ್ತುಗಳನ್ನು ಬಿಚ್ಚಿ ಕಟ್ಟಿ, ಒಳಗೆ ಬಂದು ಬಾಗಿಲ ಹತ್ತಿರ ನಿಂತರು. ಏನಂದರು ಅತ್ತಿಗೆ ಎಂದು ಶಕುಂತಲಮ್ಮನವರು ಕೇಳಿದರು. ಕೂತವರೆಲ್ಲ ಮಾತು ನಿಲ್ಲಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಹೊಟ್ಟೆ ತೆರೆದು ನೋಡಿದ್ರು. ಇವಳ ಒಳಗೆ ಎಲ್ಲ ಸರ್ಯಾಗೈತೆ."

ಸುಮಿತ್ರಮ್ಮ ಹೇಳಿದ ಮೇಲೆ ಅದನ್ನು ಅಲ್ಲ ಅನ್ನುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಶಕುಂತಲಮ್ಮನವರು ಕೈಯ ಸಕ್ಕರೆ ಪೊಟ್ಟಣವನ್ನು ಕೆಳಗಿಟ್ಟರು. ಹಾಗಾದರೆ ಊನ ಯಾರದ್ದು ಎಂದರು. ಮಗನದ್ದೂ ಸರಿಯಿದೆ ಅನ್ನುವ ಮಾತನ್ನು ಅತ್ತೆ ಎತ್ತಲಿಲ್ಲ. ಎಲ್ಲರ ಕಣ್ಣೂ ಮೆಲ್ಲಗೆ ಬಾಗಿಲ ಕಡೆ ತಿರುಗಿತು.

ಯಜಮಾನರಿಗೆ ಯಾರೂ ಏನೂ ಹೇಳಿರಲಿಲ್ಲ. ತಮ್ಮದು ಸರಿಯಿದೆ ಎಂದು ಅವರಿಗೆ ಗೊತ್ತಿತ್ತು. ನನ್ನ ಒಳಗೇನಿದೆ ಎಂದು ಆ ಕ್ಷಣದಲ್ಲಿ ತಿಳಿಯಿತು, ತಾಯಿ ಏನು ಮಾಡುತ್ತಿದ್ದಾರೆ ಅನ್ನುವುದೂ ತಿಳಿಯಿತು. ಅವರು ತಾಯಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಂದೇ, ಶಕುಂತ್ಲತ್ತೆ. ಮಡಿಕೇರೀಲಿ ನಂಗೂ ನೋಡಿದ್ರು."

ಇಷ್ಟು ಹೇಳಿ, ಎತ್ತಿಗೆ ನೀರು ತೋರಿಸಬೇಕೆಂದು ಹೊರಗೆ ಹೋದರು. ಅಂಥ ಗಂಡಿಗೆ ಮಗಳನ್ನು ಕೊಡುವವರು ಯಾರಿದ್ದಾರೆ. ಶಕುಂತಲಮ್ಮನವರು ಅತ್ತಿಗೆಯ ಕೈ ಹಿಡಿದುಕೊಂಡು ಅತ್ತರು, ನನ್ನ ತಲೆ ಸವರಿ, ನಿನಗೆ ಅನ್ಯಾಯವಾಯಿತಲ್ಲ ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದರು. ಅವರ ಮಗಳಿಗೆ ಆ ವರ್ಷವೇ ಅರಕಲಗೂಡಿನ ಕಡೆ ಮದುವೆಯಾಯಿತು, ನಾವು ಮೂವರೂ ಹೋಗಿ ಊಟ ಮಾಡಿ ಬಂದೆವು. ಯಜಮಾನರ ಬೆನ್ನ ಹಿಂದೆ ಸಂತೆಯಲ್ಲಿ ಜನ ಏನೇನು ಆಡಿಕೊಂಡರು ಎಂದು ನನಗೆ ಗೊತ್ತು, ಅವರಿಗೂ ಗೊತ್ತಿತ್ತು. ಸಾಯುವವರೆಗೆ ಅವರು ಆ ಮಾತನ್ನು ತಿದ್ದಲಿಲ್ಲ. ನಾನು ತಿದ್ದುತ್ತೇನೆಂದು ಹೊರಟಾಗ, ಜನರ ಬಾಯಿಗೆ ಏನಾದರೂ ಒಂದು ಬೇಕಲ್ಲ, ನಂದಿರಲಿ ಬಿಡು ಅನ್ನುತ್ತಿದ್ದರು. ಅವರಿಲ್ಲದ ಈ ಮನೆಯಲ್ಲಿ ಕೂತು ಈಗ ನಾನೇ ತಿದ್ದಿ ಬರೆಯುತ್ತಿದ್ದೇನೆ.

ಅತ್ತೆಗೆ ಒಬ್ಬನೇ ಮಗ. ತಮ್ಮ ವಂಶ ಅಲ್ಲಿಗೆ ನಿಂತಿತು ಎಂದು ತಿಳಿದೇ ಅವರು ಆ ಮಾತು ಆಡಿದ್ದು. ಜನವೆಲ್ಲ ಹೋದಮೇಲೆ ಒಲೆ ಹಚ್ಚಿ, ಅಕ್ಕಿರೊಟ್ಟಿ ತಟ್ಟಿದರು. ಮಗ ಬಂದು ಮಣೆಯ ಮೇಲೆ ಕೂತರು. ಅತ್ತೆ ರೊಟ್ಟಿ ಬಡಿಸಿದರು, ಬೆಣ್ಣೆ ಹಾಕಿದರು, ಮುಖ ಮಾತ್ರ ಎತ್ತಲಿಲ್ಲ. ಮಲಗಿದ್ದಲ್ಲಿಂದಲೇ ಎಲ್ಲ ನನಗೆ ಕಾಣುತ್ತಿತ್ತು. ಯಜಮಾನರು ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿದರು.

"ಇನ್ನೊಂದ್ ಹಾಕವ್ವ," ಎಂದರು. "ನೀನೂ ಕೂತ್ಕ."